ಮನೆಗೊಂದು ಪ್ರಿಂಟರ್: ಹಳೆಯ ಬಗೆ, ಹೊಸ ಬಗೆ

ಕಂಪ್ಯೂಟರ್ ಅಥವಾ ಮೊಬೈಲಿನ ಪರದೆಯಲ್ಲಿ ಕಾಣುವ ಅಕ್ಷರ, ಚಿತ್ರಗಳನ್ನು ಕಾಗದಕ್ಕೆ ಇಳಿಸುವ ಉಪಕರಣಕ್ಕೆ ಪ್ರಿಂಟರ್ ಎಂದು ಹೆಸರು. ಮನೆಬಳಕೆಗೆ ಒದಗುವ ಪ್ರಿಂಟರ್‌ಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆಗಳುಂಟು: ಡಾಟ್ ಮ್ಯಾಟ್ರಿಕ್ಸ್, ಕಾರ್ಟ್ರಿಜ್ ಬಳಸುವ ಇಂಕ್‌ಜೆಟ್, ಇಂಕ್ ಟ್ಯಾಂಕ್ ಮತ್ತು ಲೇಸರ್.

ಮುಂಬಯಿಯ ಗ್ರ್ಯಾಂಟ್ ರೋಡ್ ನಿಲ್ದಾಣದ ಸಮೀಪದಲ್ಲಿರುವ ಲ್ಯಾಮಿಂಗ್ಟನ್ ರಸ್ತೆ ಗಣಕ ಸಾಮಗ್ರಿಗಳ ಪೇಟೆಯೆಂದು ಪ್ರಸಿದ್ಧ. ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ ಎಂಬುದು ಅದರ ಅಧಿಕೃತ ಹೆಸರು. ಇಂಥ ಪೇಟೆಯಲ್ಲಿ ಮನೆಗೆಂದು ಪ್ರಿಂಟರ್ ಕೇಳಿದವರಿಗೆ ಇಂದು ಸಾಮಾನ್ಯವಾಗಿ ಮೊದಲು ತೋರಿಸುವುದು ಇಂಕ್ ಟ್ಯಾಂಕ್ ಮಾದರಿಯನ್ನು. ಅದು ಹೊಸದು, ಪುಟದ ಖರ್ಚು ಕಡಿಮೆ, ಬಣ್ಣವೂ ಬರುತ್ತದೆ. ಈ ಮೂರೂ ಮಾತು ನಿಜ. ಆದರೂ ಆಯ್ಕೆಗೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ: ಒಂದು ಮುದ್ರಣಕ್ಕೂ ಮುಂದಿನದಕ್ಕೂ ನಡುವೆ ಯಂತ್ರ ಎಷ್ಟು ದಿನ ಸುಮ್ಮನೆ ಕೂರುತ್ತದೆ? ಮನೆಯ ಪ್ರಿಂಟರ್ ತನ್ನ ಆಯುಷ್ಯದ ಬಹುಭಾಗವನ್ನು ಕೆಲಸವಿಲ್ಲದೆ ಕಳೆಯುತ್ತದೆ. ಆ ವಿರಾಮವನ್ನು ಒಂದೊಂದು ಬಗೆ ಒಂದೊಂದು ರೀತಿಯಲ್ಲಿ ತಾಳಿಕೊಳ್ಳುತ್ತದೆ.

ಬಗೆಗಳು ಹುಟ್ಟಿದ ಕ್ರಮ

ಹಳೆಯದು, ಹೊಸದು ಎಂಬ ವಿಂಗಡಣೆ ತೋರುವಷ್ಟು ಸರಳವಲ್ಲ. ಲೇಸರ್ ಪ್ರಿಂಟರಿನ ಮೂಲತತ್ತ್ವವಾದ ಒಣಪುಡಿಯ ಮುದ್ರಣವನ್ನು ಚೆಸ್ಟರ್ ಕಾರ್ಲ್‌ಸನ್ 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನಲ್ಲಿ ಮೊದಲಬಾರಿಗೆ ಸಾಧಿಸಿದರು. ಝೆರಾಕ್ಸ್ ಯಂತ್ರ ಅದರಿಂದಲೇ ಬಂದಿತು. ಅದೇ ಝೆರಾಕ್ಸ್ ಸಂಸ್ಥೆಯ ಗ್ಯಾರಿ ಸ್ಟಾರ್ಕ್‌ವೆದರ್ ಈ ಯಂತ್ರಕ್ಕೆ ಲೇಸರ್ ಕಿರಣವನ್ನು ಜೋಡಿಸಿದರು, ಮತ್ತು 1977ರಲ್ಲಿ ಝೆರಾಕ್ಸ್ 9700 ಎಂಬ ಬೃಹತ್ ಲೇಸರ್ ಪ್ರಿಂಟರ್ ಮಾರುಕಟ್ಟೆಗೆ ಬಂದಿತು. ಮೇಜಿನ ಮೇಲೆ ಇಡಬಹುದಾದ ಎಚ್‌ಪಿ ಲೇಸರ್‌ಜೆಟ್ 1984ರದು. ಅದರೊಳಗಿನ ಮುದ್ರಣ ಭಾಗವನ್ನು ತಯಾರಿಸಿದ್ದು ಜಪಾನಿನ ಕ್ಯಾನನ್.

ಸೂಜಿಗಳಿಂದ ಬಡಿದು ಮುದ್ರಿಸುವ ಡಾಟ್ ಮ್ಯಾಟ್ರಿಕ್ಸ್, ವೈಯಕ್ತಿಕ ಕಂಪ್ಯೂಟರಿನ ಜೊತೆಗಾರನಾಗಿ ಬೆಳೆಯಿತು. 1980ರ ಎಪ್ಸನ್ ಎಂಎಕ್ಸ್-80 ಅದನ್ನು ಜನಪ್ರಿಯಗೊಳಿಸಿತು. ಭಾರತದಲ್ಲಿ ಟಿವಿಎಸ್ ಎಲೆಕ್ಟ್ರಾನಿಕ್ಸ್‌ನ ಎಂಎಸ್‌ಪಿ ಸರಣಿಯೂ, ವಿಪ್ರೋದ ಪ್ರಿಂಟರ್ ವಿಭಾಗದಿಂದ ಹುಟ್ಟಿದ ಬೆಂಗಳೂರಿನ ವೆಪ್ ಸಂಸ್ಥೆಯ ಮಾದರಿಗಳೂ ಕಚೇರಿಗಳನ್ನು ತುಂಬಿದವು.

ಶಾಯಿ ಚಿಮ್ಮಿಸುವ ಇಂಕ್‌ಜೆಟ್ 1980ರ ದಶಕದಲ್ಲಿ ಮೇಜಿಗೆ ಬಂದಿತು. ಎಚ್‌ಪಿ ಥಿಂಕ್‌ಜೆಟ್ 1984ರಲ್ಲಿ, ಡೆಸ್ಕ್‌ಜೆಟ್ 1988ರಲ್ಲಿ ಬಿಡುಗಡೆಯಾದವು. ಇಂಕ್ ಟ್ಯಾಂಕ್ ಇವೆಲ್ಲಕ್ಕಿಂತ ಕಿರಿಯದು. ದುಬಾರಿ ಕಾರ್ಟ್ರಿಜ್‌ಗೆ ಬೇಸತ್ತ ಏಷ್ಯಾದ ಗ್ರಾಹಕರು ಇಂಕ್‌ಜೆಟ್ಟಿನ ಪಕ್ಕದಲ್ಲಿ ಶಾಯಿಯ ಡಬ್ಬಗಳನ್ನಿಟ್ಟು, ನಳಿಕೆಯ ಮೂಲಕ ಶಾಯಿ ಹರಿಸತೊಡಗಿದ್ದರು. ಎಪ್ಸನ್ ಸಂಸ್ಥೆ ಈ ಉಪಾಯವನ್ನು ತಾನೇ ಸ್ವೀಕರಿಸಿ 2010ರಲ್ಲಿ ಇಂಡೋನೇಷ್ಯಾದಲ್ಲಿ ಟ್ಯಾಂಕ್ ಸಹಿತ ಪ್ರಿಂಟರ್ ಹೊರತಂದಿತು, ಬಳಿಕ ಅದು ಭಾರತಕ್ಕೂ ಬಂದಿತು. ಕ್ಯಾನನ್ ಮತ್ತು ಎಚ್‌ಪಿ ಕೆಲವು ವರ್ಷಗಳ ಅನಂತರ ಅದೇ ದಾರಿ ಹಿಡಿದವು. ಬಳಕೆದಾರರ ಜುಗಾಡು ಕಂಪನಿಯ ಮುಖ್ಯ ಸರಕಾದದ್ದು ಈ ಉದ್ಯಮದ ಚರಿತ್ರೆಯಲ್ಲಿ ಗಮನಾರ್ಹ ಸಂಗತಿ.

ಕೆಲಸ ಮಾಡುವ ವಿಧಾನ

ಡಾಟ್ ಮ್ಯಾಟ್ರಿಕ್ಸ್ ಯಂತ್ರದ ತಲೆಯಲ್ಲಿ 9 ಅಥವಾ 24 ಸೂಜಿಗಳು ಇರುತ್ತವೆ. ವಿದ್ಯುತ್ಕಾಂತದ ಬಲದಿಂದ ಅವು ಮುಂದೆ ಚಿಮ್ಮಿ, ಶಾಯಿ ತುಂಬಿದ ರಿಬ್ಬನ್ನಿನ ಮೇಲೆ ಬಡಿದು ಕಾಗದದಲ್ಲಿ ಚುಕ್ಕಿ ಮೂಡಿಸುತ್ತವೆ. ಬಡಿತದ ಸದ್ದು ಪಕ್ಕದ ಕೋಣೆಗೂ ಕೇಳುತ್ತದೆ. ಆದರೆ ಆ ಬಡಿತದಿಂದಲೇ ಕಾರ್ಬನ್ ಇಟ್ಟ ಮೂರು ನಾಲ್ಕು ಪ್ರತಿಗಳು ಒಟ್ಟಿಗೆ ಮೂಡುತ್ತವೆ. ಬೇರೆ ಯಾವ ಬಗೆಗೂ ಇದು ಸಾಧ್ಯವಿಲ್ಲ. ಸರಕು ಸಾಗಣೆಯ ರಸೀದಿ, ಬ್ಯಾಂಕಿನ ಪಾಸ್‌ಬುಕ್ಕುಗಳಲ್ಲಿ ಈ ಯಂತ್ರ ಇನ್ನೂ ಉಳಿದಿರುವುದಕ್ಕೆ ಬಡಿದು ಮುದ್ರಿಸುವ ಗುಣವೇ ಕಾರಣ. ಉಡುಪಿ ಹೋಟೆಲಿನ ಗಲ್ಲಾದ ಬಳಿ ಬಿಲ್ಲು ಹೊರಹಾಕುವ ಪುಟ್ಟ ಪೆಟ್ಟಿಗೆ ಮಾತ್ರ ಈ ಜಾತಿಯದಲ್ಲ. ಅದು ಶಾಖಕ್ಕೆ ಕಪ್ಪಾಗುವ ಕಾಗದ ಬಳಸುವ ಥರ್ಮಲ್ ಪ್ರಿಂಟರ್. ಅದರ ಅಕ್ಷರ ಕಾಲಕ್ರಮೇಣ ಮಾಸುವುದರಿಂದ, ಕಾಪಿಡಬೇಕಾದ ಮನೆಯ ಕಾಗದಪತ್ರಗಳಿಗೆ ಅದು ಒಗ್ಗುವುದಿಲ್ಲ.

ಇಂಕ್‌ಜೆಟ್ ಯಂತ್ರದಲ್ಲಿ ಕೂದಲಿಗಿಂತ ಸಣ್ಣ ರಂಧ್ರಗಳ ಸಾಲಿರುತ್ತದೆ. ಆ ರಂಧ್ರಗಳಿಂದ ಶಾಯಿಯನ್ನು ಹೊರದೂಡಲು ಎರಡು ಮಾರ್ಗಗಳಿವೆ. ಎಚ್‌ಪಿ ಮತ್ತು ಕ್ಯಾನನ್ ಬಳಸುವ ಮಾರ್ಗದಲ್ಲಿ ಪುಟ್ಟ ತಾಪಕವೊಂದು ಕ್ಷಣಾರ್ಧದಲ್ಲಿ ಶಾಯಿಯನ್ನು ಕುದಿಸುತ್ತದೆ. ಏಳುವ ಗುಳ್ಳೆ ಹನಿಯನ್ನು ತಳ್ಳುತ್ತದೆ. ಎಪ್ಸನ್ ಬಳಸುವ ಮಾರ್ಗದಲ್ಲಿ ಪೀಜೋ ಹರಳಿಗೆ ವಿದ್ಯುತ್ ತಾಗಿದಾಗ ಅದು ಬಾಗಿ ಹನಿಯನ್ನು ಹಿಂಡುತ್ತದೆ. ಹನಿಯ ಗಾತ್ರ ಕೆಲವೇ ಪಿಕೋಲೀಟರ್, ಎಂದರೆ ಲೀಟರಿನ ಲಕ್ಷಕೋಟಿಯಲ್ಲಿ ಕೆಲವು ಪಾಲು ಮಾತ್ರ.

ಕೊಳ್ಳುವವರು ತಿಳಿದಿರಬೇಕಾದ ಮುಖ್ಯ ವ್ಯತ್ಯಾಸ ಇಲ್ಲಿದೆ. ಹಲವು ಅಗ್ಗದ ಕಾರ್ಟ್ರಿಜ್ ಮಾದರಿಗಳಲ್ಲಿ ಈ ರಂಧ್ರಗಳ ಫಲಕ ಕಾರ್ಟ್ರಿಜ್ಜಿಗೇ ಅಂಟಿಕೊಂಡಿರುತ್ತದೆ. ಶಾಯಿ ಒಣಗಿ ರಂಧ್ರ ಕಟ್ಟಿದರೆ ಹೊಸ ಕಾರ್ಟ್ರಿಜ್ ಹಾಕಿದೊಡನೆ ಯಂತ್ರಕ್ಕೆ ಹೊಸ ತಲೆಯೇ ದೊರೆಯುತ್ತದೆ. ಇಂಕ್ ಟ್ಯಾಂಕ್ ಯಂತ್ರದಲ್ಲಿ ಕೇವಲ ಶಾಯಿಯನ್ನು ಸುರಿಯಲಾಗುತ್ತದೆ, ತಲೆ ಬದಲಾಗುವುದಿಲ್ಲ. ಅದು ಕಟ್ಟಿಕೊಂಡರೆ ಶುದ್ಧೀಕರಣದ ಆದೇಶ ಕೊಟ್ಟು ಶಾಯಿಯನ್ನು ಬಲವಂತವಾಗಿ ಹರಿಸಬೇಕು. ಹಾಗೆ ಹರಿದ ಶಾಯಿ ಯಂತ್ರದೊಳಗಿನ ಸ್ಪಂಜಿನಂಥ ಪಟ್ಟಿಯಲ್ಲಿ ಇಂಗುತ್ತದೆ. ಆ ಪಟ್ಟಿ ತುಂಬಿತೆಂದು ಯಂತ್ರದ ಲೆಕ್ಕ ಹೇಳಿದಾಗ ಮುದ್ರಣ ನಿಂತುಹೋಗುತ್ತದೆ. ರಿಪೇರಿಯವರು ವೇಸ್ಟ್ ಇಂಕ್ ಪ್ಯಾಡ್ ಎನ್ನುವುದು ಇದನ್ನೇ.

ಲೇಸರ್ ಯಂತ್ರದಲ್ಲಿ ದ್ರವವೇ ಇಲ್ಲ. ಸ್ಥಿರವಿದ್ಯುತ್ತನ್ನು ಹೊತ್ತ ಡ್ರಮ್ಮಿನ ಮೇಲೆ ಲೇಸರ್ ಕಿರಣ ಅಕ್ಷರದ ರೂಪವನ್ನು ಬರೆಯುತ್ತದೆ. ಕಿರಣ ತಾಗಿದೆಡೆಯಲ್ಲಿ ಮಾತ್ರ ಟೋನರ್ ಎಂಬ ಪ್ಲಾಸ್ಟಿಕ್ ಮಿಶ್ರಿತ ನುಣ್ಣನೆಯ ಪುಡಿ ಅಂಟುತ್ತದೆ. ಅದು ಕಾಗದಕ್ಕೆ ವರ್ಗವಾಗಿ, ಸುಮಾರು 200 ಡಿಗ್ರಿ ಸೆಲ್ಷಿಯಸ್ ಕಾವಿನ ಉರುಳೆಗಳ ನಡುವೆ ಹಾಯುವಾಗ ಕರಗಿ ಭದ್ರವಾಗುತ್ತದೆ. ಈ ಕಾಯಿಸುವ ಭಾಗಕ್ಕೆ ಫ್ಯೂಸರ್ ಎನ್ನುತ್ತಾರೆ. ಒಣಪುಡಿ ಮತ್ತೆ ಒಣಗುವಂತಿಲ್ಲವಾದ್ದರಿಂದ ಮೂರು ತಿಂಗಳು ಬಿಟ್ಟು ಗುಂಡಿ ಒತ್ತಿದರೂ ಮೊದಲ ಪುಟ ಸ್ವಚ್ಛವಾಗಿಯೇ ಬರುತ್ತದೆ.

ಕನ್ನಡದ ಅಕ್ಷರ ಮತ್ತು ಚುಕ್ಕಿಗಳ ಲೆಕ್ಕ

ಮುಂಬಯಿಯ ಕನ್ನಡಿಗರ ಮನೆಗೆ ಈ ಭಾಗ ವಿಶೇಷವಾಗಿ ಸಂಬಂಧಿಸಿದ್ದು. ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘ, ಕಲೀನಾದ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ, ಉಪನಗರಗಳಲ್ಲಿ ಹರಡಿರುವ ಜಾತಿ ಮತ್ತು ಊರಿನ ಸಂಘಗಳು, ಇವುಗಳ ಸುತ್ತಮುತ್ತಲಿನ ಮನೆಗಳಲ್ಲಿ ಆಮಂತ್ರಣ, ಕರಪತ್ರ, ಪ್ರಬಂಧ, ನಾಟಕದ ಪ್ರತಿ ಎಂದು ಕನ್ನಡದ ಮುದ್ರಣ ನಡೆಯುತ್ತಲೇ ಇರುತ್ತದೆ.

ಅಕ್ಷರಗಾತ್ರವನ್ನು ಪಾಯಿಂಟ್‌ನಲ್ಲಿ ಅಳೆಯುತ್ತಾರೆ. 72 ಪಾಯಿಂಟ್ ಸೇರಿದರೆ ಒಂದು ಅಂಗುಲ. 12 ಪಾಯಿಂಟ್‌ನ ಅಕ್ಷರಕ್ಕೆ ಒದಗುವ ಎತ್ತರ ಅಂಗುಲದ ಆರನೆಯ ಒಂದು ಭಾಗ. 9 ಸೂಜಿಯ ತಲೆ ಒಂದು ಸಾಗುವಿಕೆಯಲ್ಲಿ ಅಂಗುಲಕ್ಕೆ 72 ಚುಕ್ಕಿಗಳಂತೆ ಮುದ್ರಿಸಿದರೆ ಆ ಎತ್ತರಕ್ಕೆ ದೊರೆಯುವುದು 12 ಚುಕ್ಕಿ. 24 ಸೂಜಿಯ ಯಂತ್ರದಲ್ಲಿ ಅಂಗುಲಕ್ಕೆ 180ರಂತೆ 30 ಚುಕ್ಕಿ ಸಿಗುತ್ತದೆ. ಅಂಗುಲಕ್ಕೆ 600 ಚುಕ್ಕಿಯ ಲೇಸರಿನಲ್ಲಿ 100 ಚುಕ್ಕಿ ಸಿಗುತ್ತದೆ. ರೋಮನ್ ಲಿಪಿಯ ಅಕ್ಷರ 12 ಚುಕ್ಕಿಯೊಳಗೆ ಗುರುತು ಸಿಗುವಂತೆ ನಿಲ್ಲುತ್ತದೆ. ‘ರಾಷ್ಟ್ರ’, ‘ಸ್ತ್ರೀ’ ಎಂಬಂಥ ಪದಗಳಲ್ಲಿ ತಲೆಕಟ್ಟು, ಮೂಲಾಕ್ಷರ, ಅದರ ಕೆಳಗೆ ಎರಡು ಒತ್ತು ಇವೆಲ್ಲ ಅಷ್ಟೇ ಎತ್ತರದಲ್ಲಿ ಅಡಗಬೇಕಾದಾಗ ಒತ್ತುಗಳು ಕಪ್ಪುಮುದ್ದೆಯಾಗುತ್ತವೆ. ಹಳೆಯ ಯಂತ್ರಗಳ ಸ್ಮೃತಿಯಲ್ಲಿ ರೋಮನ್ ಅಕ್ಷರಗಳಿಗಷ್ಟೇ ಸ್ಥಾನವಿದ್ದುದರಿಂದ ಕನ್ನಡದ ಸಾಲನ್ನು ಚಿತ್ರದಂತೆ ಕಳುಹಿಸಬೇಕಾಗುತ್ತಿತ್ತು. ಮುದ್ರಣ ಇನ್ನಷ್ಟು ನಿಧಾನವಾಗುತ್ತಿತ್ತು.

ಕನ್ನಡವನ್ನು ಕಂಪ್ಯೂಟರಿನಲ್ಲಿ ಬರೆದು ಮುದ್ರಿಸುವ ತೊಡಕನ್ನು ಬಿಡಿಸಲು ಹಲವರು ದುಡಿದಿದ್ದಾರೆ. ಕಾನ್ಪುರದ ಐಐಟಿಯಲ್ಲಿ ಆರಂಭವಾಗಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನ ಭಾರತೀಯ ಲಿಪಿಗಳನ್ನು ಸಾಮಾನ್ಯ ಕಂಪ್ಯೂಟರಿಗೆ ತಂದಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ಕಿನ್ನಿಕಂಬಳ ಪದ್ಮನಾಭ ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸವೇ ಮುಂದೆ ‘ನುಡಿ’ ತಂತ್ರಾಂಶದ ವಿನ್ಯಾಸಕ್ಕೆ ಆಧಾರವಾಯಿತು. ಕನ್ನಡದ ಓದುಗರು ಕೃತಜ್ಞತೆಯಿಂದ ನೆನೆಯಬೇಕಾದ ಕೆಲಸ ಅದು.

ಇಂದು ಲೇಸರ್ ಆಗಲಿ ಇಂಕ್‌ಜೆಟ್ ಆಗಲಿ ಕನ್ನಡದ ಒತ್ತನ್ನು ಸ್ಪಷ್ಟವಾಗಿ ಮೂಡಿಸುತ್ತದೆ. ಸಾಮಾನ್ಯ ಕಾಗದದ ಮೇಲೆ, 9 ಅಥವಾ 10 ಪಾಯಿಂಟ್‌ನಷ್ಟು ಸಣ್ಣ ಅಕ್ಷರದಲ್ಲಿ ಮಾತ್ರ ಲೇಸರಿನ ಅಂಚು ಹೆಚ್ಚು ಚೂಪಾಗಿ ಕಾಣುತ್ತದೆ, ಏಕೆಂದರೆ ದ್ರವಶಾಯಿ ಕಾಗದದ ನಾರಿನುದ್ದಕ್ಕೆ ಸ್ವಲ್ಪ ಹರಡುತ್ತದೆ. ಕೈಯಲ್ಲಿ ಹಿಡಿದು ಓದುವ ನಾಟಕದ ಪ್ರತಿಗೆ, ಪುಟ ತುಂಬ ಸಣ್ಣ ಅಕ್ಷರವಿರುವ ಪ್ರಬಂಧಕ್ಕೆ ಲೇಸರ್ ಉತ್ತಮ. ದೇವರ ಚಿತ್ರ, ಬಣ್ಣದ ಅಂಚು ಇರುವ ಆಮಂತ್ರಣಕ್ಕೆ ಇಂಕ್ ಟ್ಯಾಂಕ್ ಬೇಕು.

ಪುಟವೊಂದರ ವೆಚ್ಚ

ಪ್ರಿಂಟರಿನ ಬೆಲೆ ಒಂದು ಸಲದ್ದು. ಶಾಯಿಯ ಬೆಲೆ ಮತ್ತೆ ಮತ್ತೆ ಬರುವಂಥದು. ಶಾಯಿ ಅಥವಾ ಟೋನರಿನ ಡಬ್ಬಿಯ ಮೇಲೆ ನಮೂದಿಸಿರುವ ಪುಟಗಳ ಸಂಖ್ಯೆಯನ್ನು ಅಂತಾರಾಷ್ಟ್ರೀಯ ಮಾನಕದ ಪರೀಕ್ಷಾಪುಟಗಳಿಂದ ಅಳೆಯಲಾಗುತ್ತದೆ. ಕಪ್ಪು ಟೋನರಿನ ಪರೀಕ್ಷಾಪುಟದಲ್ಲಿ ಕಾಗದದ ಸುಮಾರು 5 ಪ್ರತಿಶತ ಭಾಗ ಮಾತ್ರ ಕಪ್ಪಾಗುತ್ತದೆ. ಮಕ್ಕಳ ಪ್ರಾಜೆಕ್ಟಿಗೆ ಮುದ್ರಿಸುವ ಪುಟದಗಲದ ಚಿತ್ರಕ್ಕೆ ಈ ಲೆಕ್ಕ ಸಲ್ಲುವುದಿಲ್ಲ.

ಭಾರತದಲ್ಲಿ ಬಹಳ ಹರಡಿರುವ ಎಚ್‌ಪಿ 12ಎ ಟೋನರ್ ಮತ್ತು ಅದಕ್ಕೆ ಸಮನಾದ ಕ್ಯಾನನ್ 303 ಟೋನರುಗಳ ಘೋಷಿತ ಸಾಮರ್ಥ್ಯ 2,000 ಪುಟ. ಎಪ್ಸನ್ನಿನ 65 ಮಿಲಿಲೀಟರ್ ಕಪ್ಪು ಶಾಯಿಯ 003 ಬಾಟಲಿಗೆ 4,500 ಪುಟ. ಅಗ್ಗದ ಇಂಕ್‌ಜೆಟ್ಟಿನ ಚಿಕ್ಕ ಕಾರ್ಟ್ರಿಜ್ಜುಗಳಲ್ಲಿ ಕೆಲವಕ್ಕೆ 200 ಪುಟದ ಆಸುಪಾಸು.

ತಿಂಗಳಿಗೆ 20 ಪುಟ ಮುದ್ರಿಸುವ ಮನೆಯೊಂದನ್ನು ಎಣಿಸೋಣ. ವರ್ಷಕ್ಕೆ 240 ಪುಟವಾಯಿತು. ಆ ಮನೆಯಲ್ಲಿ ಒಂದು ಬಾಟಲಿ ಶಾಯಿ ಲೆಕ್ಕದ ಪ್ರಕಾರ 18 ವರ್ಷಕ್ಕೂ ಮಿಗಿಲಾಗಿ ಸಾಕು. ಯಂತ್ರ ಅಷ್ಟು ಕಾಲ ಬಾಳುವುದಿಲ್ಲ. ಪುಟಕ್ಕೆ ಕೆಲವೇ ಪೈಸೆ ಎಂಬ ಜಾಹೀರಾತಿನ ಲಾಭ ಇಂಥ ಮನೆಗೆ ದಕ್ಕುವುದೇ ಇಲ್ಲ. ಶಾಯಿಯ ದೊಡ್ಡ ಪಾಲು ತಲೆಯ ಶುದ್ಧೀಕರಣದಲ್ಲೇ ಹರಿದುಹೋಗುವ ಸಂಭವವಿದೆ. ಅದೇ ಮನೆಯಲ್ಲಿ ಒಂದು ಟೋನರ್ ಎಂಟು ವರ್ಷ ಬರುತ್ತದೆ ಮತ್ತು ಕಾದಿದ್ದಕ್ಕೆ ದಂಡ ಕೇಳುವುದಿಲ್ಲ.

ಇನ್ನೊಂದು ಮನೆಯಲ್ಲಿ ಇಬ್ಬರು ಮಕ್ಕಳು ಓದುತ್ತಿದ್ದಾರೆ, ತಾಯಿ ಸಂಜೆ ಟ್ಯೂಷನ್ ಹೇಳುತ್ತಾರೆ ಎಂದಿಟ್ಟುಕೊಂಡರೆ ತಿಂಗಳಿಗೆ 200 ಪುಟ ಸುಲಭವಾಗಿ ಆಗುತ್ತದೆ. ಅಲ್ಲಿ ಚಿಕ್ಕ ಕಾರ್ಟ್ರಿಜ್ ತಿಂಗಳಿಗೊಂದು ಬೇಕಾಗುತ್ತದೆ, ಶಾಯಿಯ ಬಾಟಲಿ ಎರಡು ವರ್ಷದ ಸಮೀಪ ಬರುತ್ತದೆ. ಇಂಕ್ ಟ್ಯಾಂಕ್ ಈ ಮನೆಗಾಗಿಯೇ ಹುಟ್ಟಿದ ಯಂತ್ರ. ನಿತ್ಯದ ಕೆಲಸವೇ ಅದರ ತಲೆಯನ್ನು ತೆರೆದಿಡುತ್ತದೆ.

ಮುಂಬಯಿಯ ಹವೆ, ಮುಂಬಯಿಯ ಮನೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಈ ನಗರದ ಗಾಳಿ ತೇವದಿಂದ ಭಾರವಾಗಿರುತ್ತದೆ. ಕಾಗದ ಆ ತೇವವನ್ನು ಹೀರಿಕೊಳ್ಳುತ್ತದೆ. ತೇವದ ಹಾಳೆ ಫ್ಯೂಸರಿನ ಕಾವಿಗೆ ಸಿಕ್ಕಾಗ ಆವಿ ಎದ್ದು ಸುರುಳಿಯಾಗುತ್ತದೆ, ಸುಕ್ಕುಗಟ್ಟುತ್ತದೆ. ಸ್ಥಿರವಿದ್ಯುತ್ತು ಸೋರಿ ಅಕ್ಷರ ಮಸುಕಾಗುವುದೂ ಉಂಟು. ಇಂಕ್‌ಜೆಟ್ಟಿನಲ್ಲಿ ಎರಡು ಹಾಳೆಗಳು ಅಂಟಿಕೊಂಡು ಒಟ್ಟಿಗೆ ಒಳಹೋಗುತ್ತವೆ. ಅಂಗಡಿಯವರು ಯಂತ್ರದ ದೋಷವೆಂದು ತಿಳಿದು ಬಿಚ್ಚುವ ಎಷ್ಟೋ ಪ್ರಿಂಟರ್‌ಗಳಲ್ಲಿ ಕೆಟ್ಟಿರುವುದು ಕಾಗದ. ಎ4 ರೀಮಿನ ಹೊದಿಕೆಯನ್ನು ಪೂರ್ತಿ ಹರಿಯದೆ, ಬೇಕಾದಷ್ಟು ಹಾಳೆ ಮಾತ್ರ ತೆಗೆದು, ಉಳಿದದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಕಪಾಟಿನಲ್ಲಿಟ್ಟರೆ ತೊಂದರೆಯ ಬಹುಭಾಗ ತಪ್ಪುತ್ತದೆ.

ಮಳೆಗೆ ಸಂಬಂಧಿಸಿದ ಇನ್ನೊಂದು ವಿಚಾರವಿದೆ. ಶಾಯಿಗಳಲ್ಲಿ ನೀರಿನಲ್ಲಿ ಕರಗಿದ ಬಣ್ಣದ ಡೈ ಶಾಯಿ ಮತ್ತು ಘನಕಣಗಳ ಪಿಗ್ಮೆಂಟ್ ಶಾಯಿ ಎಂದು ಎರಡು ಬಗೆ. ಲೋಕಲ್ ಟ್ರೇನಿನಲ್ಲಿ ಒದ್ದೆಯಾದ ಚೀಲದೊಳಗಿನ ಅರ್ಜಿಯಲ್ಲಿ ಡೈ ಶಾಯಿಯ ಅಕ್ಷರ ಹರಡಿಕೊಳ್ಳುತ್ತದೆ. ಪಿಗ್ಮೆಂಟ್ ಕಪ್ಪು ಮತ್ತು ಲೇಸರಿನ ಟೋನರ್ ನೀರನ್ನು ತಾಳುತ್ತವೆ. ಇಂಕ್ ಟ್ಯಾಂಕ್ ಕೊಳ್ಳುವವರು ಕಪ್ಪು ಶಾಯಿ ಪಿಗ್ಮೆಂಟ್ ಬಗೆಯದೇ ಎಂದು ಕೇಳಿ ತಿಳಿಯುವುದು ಒಳ್ಳೆಯದು.

ಬೇಸಿಗೆ ರಜೆಯಲ್ಲಿ ಮುಂಬಯಿಯ ಕರಾವಳಿ ಕುಟುಂಬಗಳು ಕೊಂಕಣ ರೈಲಿನಲ್ಲಿ ಊರಿಗೆ ಹೋಗುತ್ತವೆ. ಮನೆಗೆ ಬೀಗ ಬಿದ್ದ ಆ ನಾಲ್ಕಾರು ವಾರಗಳೇ ಇಂಕ್‌ಜೆಟ್ಟಿಗೆ ಕಷ್ಟಕಾಲ. ಹೊರಡುವ ಮುನ್ನ ಯಂತ್ರವನ್ನು ಗೋಡೆಯ ಸ್ವಿಚ್ಚಿನಿಂದ ಆರಿಸದೆ, ಅದರದೇ ಗುಂಡಿಯಿಂದ ಆರಿಸಬೇಕು. ಆಗ ಮಾತ್ರ ತಲೆ ತನ್ನ ಜಾಗಕ್ಕೆ ಸರಿದು ರಬ್ಬರ್ ಮುಚ್ಚಳದೊಳಗೆ ಕೂರುತ್ತದೆ. ಉಳಿದ ದಿನಗಳಲ್ಲಿ ವಾರಕ್ಕೊಂದು ಬಣ್ಣದ ಪುಟ ಮುದ್ರಿಸುವ ಅಭ್ಯಾಸ ಸಾಕು.

ಒಂದು ಕೋಣೆ, ಒಂದು ಅಡುಗೆಮನೆಯ ವಾಸದಲ್ಲಿ ಜಾಗವೂ ಪ್ರಶ್ನೆಯೇ. ಕ್ಯಾನನ್ ಎಲ್‌ಬಿಪಿ 2900ದಂಥ ಚಿಕ್ಕ ಲೇಸರ್ 37 ಸೆಂಟಿಮೀಟರ್ ಅಗಲ, 25 ಸೆಂಟಿಮೀಟರ್ ಆಳದಲ್ಲಿ ಕೂರುತ್ತದೆ. ಸ್ಕ್ಯಾನರ್ ಸಹಿತ ಇಂಕ್ ಟ್ಯಾಂಕ್ ಅಗಲದಲ್ಲಿ ಅಷ್ಟೇ ಇದ್ದರೂ ಆಳ ಹೆಚ್ಚು, ಮುಚ್ಚಳ ಎತ್ತಲು ಮೇಲೆಯೂ ಜಾಗ ಬೇಕು. ಡಾಟ್ ಮ್ಯಾಟ್ರಿಕ್ಸಿನ ಸದ್ದು ಚಾಳಿನ ತೆಳುಗೋಡೆಗೆ ಹೇಳಿಸಿದ್ದಲ್ಲ. ವಿದ್ಯುತ್ತಿನ ಲೆಕ್ಕವೂ ಉಂಟು. ಲೇಸರ್ ಯಂತ್ರ ಫ್ಯೂಸರ್ ಕಾಯಿಸುವಾಗ ಒಮ್ಮೆಲೇ ನೂರಾರು ವ್ಯಾಟ್ ಎಳೆಯುವುದರಿಂದ ಅದನ್ನು ಪುಟ್ಟ ಯುಪಿಎಸ್‌ಗೆ ಜೋಡಿಸಬಾರದು. ಇಂಕ್ ಟ್ಯಾಂಕಿಗೆ ಮುದ್ರಣದ ವೇಳೆ 12 ವ್ಯಾಟ್ ಆಸುಪಾಸು ಸಾಕು. ಕರೆಂಟಿನ ವಿಷಯದಲ್ಲಿ ಮುಂಬಯಿಗರು ಅದೃಷ್ಟವಂತರು: 2020ರ ಅಕ್ಟೋಬರ್ 12ರಂದು ನಗರವಿಡೀ ಕರೆಂಟು ಹೋದದ್ದು ದೊಡ್ಡ ಸುದ್ದಿಯಾಗುವಷ್ಟು ಇಲ್ಲಿ ಕಡಿತ ಅಪರೂಪ. ಕರೆಂಟು ಪದೇ ಪದೇ ಹೋಗುವ ಹಳ್ಳಿಮನೆಗೆ ಯಂತ್ರ ಕೊಂಡೊಯ್ಯುವವರು ಇಂಕ್ ಟ್ಯಾಂಕ್ ಆರಿಸುವುದೇ ಸರಿ.

ಕೆಳಗಿನ ಝೆರಾಕ್ಸ್ ಅಂಗಡಿ

ತಿಂಗಳಿಗೆ ನಾಲ್ಕೈದು ಪುಟವಷ್ಟೇ ಬೇಕಾದವರಿಗೆ ಯಾವ ಪ್ರಿಂಟರೂ ಬೇಡ. ಸ್ಟೇಷನ್ನಿನ ಹೊರಗೆ, ಕಾಲೇಜಿನ ಎದುರಿಗೆ, ಸೊಸೈಟಿಯ ಗೇಟಿನ ಪಕ್ಕದಲ್ಲಿ ಝೆರಾಕ್ಸ್ ಅಂಗಡಿ ಇದ್ದೇ ಇರುತ್ತದೆ. ಆದರೆ ಕನ್ನಡದ ಕಡತ ಒಯ್ಯುವವರು ಒಂದು ಎಚ್ಚರ ವಹಿಸಬೇಕು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಟೈಪಿಸಿದ ವರ್ಡ್ ಕಡತವನ್ನು ಆ ಫಾಂಟ್ ಇಲ್ಲದ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರ, ಚಿಹ್ನೆಗಳ ಅರ್ಥಹೀನ ಸಾಲುಗಳು ಕಾಣುತ್ತವೆ. ಮನೆಯಲ್ಲೇ ಪಿಡಿಎಫ್ ಮಾಡಿಕೊಂಡರೆ ಫಾಂಟ್ ಕಡತದೊಳಗೇ ಅಡಕವಾಗಿ ಎಲ್ಲಿ ಮುದ್ರಿಸಿದರೂ ಅಕ್ಷರ ಬದಲಾಗುವುದಿಲ್ಲ. ಯೂನಿಕೋಡ್ ಕನ್ನಡಕ್ಕೆ ವಿಂಡೋಸ್‌ನ ತುಂಗಾ ಅಥವಾ ನಿರ್ಮಲಾ ಫಾಂಟ್ ನೆರವಾಗುತ್ತದಾದರೂ ಸಾಲು, ಪುಟಗಳು ಪಲ್ಲಟಗೊಳ್ಳಬಹುದು. ಅಲ್ಲಿಯೂ ಪಿಡಿಎಫ್ಫೇ ಕ್ಷೇಮ.

ಆಧಾರ್, ಪ್ಯಾನ್, ಬ್ಯಾಂಕಿನ ವಿವರಗಳನ್ನು ಅಂಗಡಿಯ ವಾಟ್ಸ್ಯಾಪ್ ಸಂಖ್ಯೆಗೆ ಕಳುಹಿಸಿ ಮುದ್ರಿಸುವುದು ಸಾಮಾನ್ಯ ರೂಢಿ. ಆ ಪ್ರತಿ ಅಲ್ಲಿಯೇ ಉಳಿಯುತ್ತದೆ. ಕೊನೆಯ ನಾಲ್ಕು ಅಂಕಿಗಳನ್ನಷ್ಟೇ ತೋರಿಸುವ ಮಾಸ್ಕ್ಡ್ ಆಧಾರ್ ಇಂಥಲ್ಲಿ ಉಪಯುಕ್ತ. ಇಂಥ ದಾಖಲೆಗಳು ಪದೇ ಪದೇ ಬೇಕಾಗುವ ಮನೆಗೆ, ಪುಟಗಳು ಕಡಿಮೆಯಾದರೂ ಸ್ವಂತ ಪ್ರಿಂಟರ್ ಇರುವುದು ವಿವೇಕದ ಖರ್ಚು.

ಹಳೆಯ ಯಂತ್ರವನ್ನೇ ಕೊಳ್ಳುವುದಾದರೆ

ಕಪ್ಪು ಮುದ್ರಣದ ಹಳೆಯ ಲೇಸರ್ ಯಂತ್ರಗಳು ಬಳಸಿದ ಸ್ಥಿತಿಯಲ್ಲಿಯೂ ಮಾರಾಟಕ್ಕೆ ದೊರೆಯುತ್ತವೆ. ಬಿಡುವಿಟ್ಟು ಮುದ್ರಿಸುವ ಮನೆಗೆ ಇದು ಒಳ್ಳೆಯ ಆಯ್ಕೆ. ಕೊಳ್ಳುವಾಗ ಯಂತ್ರದ ವಿವರಪುಟವನ್ನು ಮುದ್ರಿಸಲು ಹೇಳಬೇಕು. ಹಲವು ಮಾದರಿಗಳಲ್ಲಿ ಈವರೆಗೆ ಮುದ್ರಿಸಿದ ಒಟ್ಟು ಪುಟಗಳ ಸಂಖ್ಯೆ ಅದರಲ್ಲಿ ಕಾಣಿಸುತ್ತದೆ. ಬಳಿಕ ಹತ್ತು ಪುಟ ಒಂದೇ ಸಮನೆ ಮುದ್ರಿಸಿ ನೋಡಬೇಕು. ಅಕ್ಷರ ಬೆರಳಿಗೆ ಅಂಟಿದರೆ ಫ್ಯೂಸರ್ ಸೋತಿದೆ. ಸಮಾನ ಅಂತರದಲ್ಲಿ ಒಂದೇ ಕಲೆ ಮರುಕಳಿಸಿದರೆ ಡ್ರಮ್ ಅಥವಾ ಉರುಳೆಯೊಂದರಲ್ಲಿ ಗೀರಿದೆ. ಹಾಳೆ ಎಳೆಯಲು ತಡವರಿಸಿದರೆ ರಬ್ಬರ್ ಉರುಳೆ ಗಟ್ಟಿಯಾಗಿದೆ. ಇದು ಅಗ್ಗದ ರಿಪೇರಿ, ಮೊದಲ ಎರಡು ದೋಷಗಳು ಹಾಗಲ್ಲ.

ಹಳೆಯ ಮಾದರಿಗಳಲ್ಲಿ ಅನೇಕವಕ್ಕೆ ಯುಎಸ್‌ಬಿ ತಂತಿಯೊಂದೇ ದಾರಿ, ಮೊಬೈಲಿನಿಂದ ನೇರ ಮುದ್ರಣ ಆಗುವುದಿಲ್ಲ. ಮನೆಯಲ್ಲಿ ಕಂಪ್ಯೂಟರ್ ಇಲ್ಲದೆ ಫೋನಿನಿಂದಲೇ ಎಲ್ಲವೂ ನಡೆಯುವುದಾದರೆ ವೈಫೈ ಇರುವ ಹೊಸ ಮಾದರಿ ಅನಿವಾರ್ಯ. ಆಗಲೂ ವೈಫೈ ಸಹಿತ ಕಪ್ಪು ಲೇಸರ್ ಉಂಟೆಂಬುದನ್ನು ಮರೆಯಬಾರದು. ಬಳಸುವ ಕಂಪ್ಯೂಟರಿನ ವಿಂಡೋಸ್ ಆವೃತ್ತಿಗೆ ಡ್ರೈವರ್ ತಂತ್ರಾಂಶ ಲಭ್ಯವೇ ಎಂದು ಹಣ ಕೊಡುವ ಮುನ್ನವೇ ಪರೀಕ್ಷಿಸಬೇಕು. ಟೋನರ್ ರೀಫಿಲ್ ಮಾಡಿಸುವುದಾದರೆ ಪುಡಿ ತುಂಬುವ ಕೆಲಸ ಮನೆಯೊಳಗೆ ಬೇಡ. ನುಣ್ಣನೆಯ ಪುಡಿ ಗಾಳಿಯಲ್ಲಿ ತೇಲಿ ಉಸಿರಿಗೆ ಸೇರುತ್ತದೆ.

ಕೆಟ್ಟುಹೋದ ಪ್ರಿಂಟರ್ ಮತ್ತು ಬರಿದಾದ ಕಾರ್ಟ್ರಿಜ್ ಎರಡೂ ಕಾನೂನಿನ ದೃಷ್ಟಿಯಲ್ಲಿ ಇ-ತ್ಯಾಜ್ಯ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಅವುಗಳ ಮರುಬಳಕೆಯ ಹೊಣೆ ತಯಾರಕರ ಮೇಲಿದೆ. ಅವನ್ನು ಮನೆಯ ಕಸದೊಡನೆ ಸೇರಿಸದೆ ಕಂಪನಿಯ ಸಂಗ್ರಹ ವ್ಯವಸ್ಥೆಗಾಗಲಿ, ನೋಂದಾಯಿತ ಮರುಬಳಕೆದಾರರಿಗಾಗಲಿ ಒಪ್ಪಿಸಬೇಕು.